ಕುರ್ತಾ ಒಗೆದಿದ್ದು ಅಮ್ಮ ಅಂತಾನೇ ಹೇಳು

ಪುಟ್ಟೀ,

ನಿನ್ನೆ ನೀನು ಫೋನ್ ಕಟ್ ಮಾಡ್ಬಿಟ್ಟೆ, ಅದಕ್ಕೇ ಬರೀತಿದೀನಿ, ಇದನ್ನಾದ್ರೂ ಪೂರ್ತಿ ಓದು. ಸಾಕ್ಷಿ ಹೇಳೋಕೆ ಕೋರ್ಟಿಂದ ಸಮನ್ಸ್ ನಮ್ಮಿಬ್ರಿಗೂ ಬಂದಿದೆ, ಸೋಮವಾರ 11 ಗಂಟೆಗೆ. ಆವತ್ತು ಆ ಗಲ್ಲೀಲಿ ಆಗಿದ್ದನ್ನ ನಾನಿಲ್ಲಿ ಬರೆಯಲ್ಲ. ನೀನು ಆವತ್ತು ಹಾಕಿದ್ದ ಕುರ್ತಾ ವಿಷ್ಯ ಮಾತ್ರ ಹೇಳ್ತೀನಿ.

ನೀನು ಮನೆಗೆ ಬಂದಾಗ ಬಲತೋಳು ಹರಿದು ನೇತಾಡ್ತಿತ್ತು, ಎರಡು ಗುಂಡಿ ಕಿತ್ತೋಗಿತ್ತು. ನೀನಿನ್ನೂ ಬಚ್ಚಲಲ್ಲೇ ಇದ್ದೆ, ನಾನು ಅದನ್ನ ಸೋಪ್ ಪುಡೀಲಿ ನೆನೆಸಿ ತಿಕ್ಕಿ ತಿಕ್ಕಿ ಒಗೆದು, ರಾತ್ರಿ ಒಂದು ಗಂಟೇಲಿ ಫ್ಯಾನ್ ಕೆಳಗೆ ಒಣಗಿಸಿ, ಹಸಿರು ದಾರ ಸಿಗ್ಲಿಲ್ಲ ಅಂತ ಕಪ್ಪು ದಾರದಲ್ಲಿ ತೋಳು ಹೊಲಿದೆ. ಬೆಳಗ್ಗೆ ಯಾರ ಕಣ್ಣಿಗೂ ಬೀಳಬಾರದು ಅನ್ನೋದೊಂದೇ ತಲೇಲಿತ್ತು ಕಣೆ. ನಿನ್ನ ಪಕ್ಕ ಕೂತು ಏನಾಯ್ತು ಅಂತ ಕೇಳೋದು ಬಿಟ್ಟು ಬಟ್ಟೆ ತಿಕ್ತಾ ಕೂತೆ. ತಪ್ಪಾಯ್ತು ಕಂದ. ಮರುದಿನ ಸ್ಟೇಷನ್ನಲ್ಲಿ ಬಟ್ಟೆ ಕೇಳಿದ್ರು, ಇಸ್ತ್ರಿ ಮಾಡಿಟ್ಟಿದ್ದನ್ನ ಕೊಟ್ಟೆ. ಮಹಜರ್ ಬರ್ಕೊಂಡು ತಗೊಂಡ್ರು, ಈಗ ಕೋರ್ಟಲ್ಲಿ ಪುರಾವೆಯಾಗಿರೋ ಮುದ್ದೆಮಾಲು ಅಂದ್ರೆ ಅದೇ, ಆ ಕಪ್ಪು ದಾರದ ಸಮೇತ.

ಪಾಟೀಸವಾಲಲ್ಲಿ, ಅಂದ್ರೆ ಆರೋಪಿ ಕಡೆ ಲಾಯರು ನಮ್ಮನ್ನ ಪ್ರಶ್ನೆ ಕೇಳೋವಾಗ, ಅದನ್ನೇ ಹಿಡ್ಕೊಳ್ತಾರೆ. ‘ನಾನೇ ಒಗೆದೆ ಅಂತೀನಿ, ನಿನ್ನ ಹೆಸರು ಬರೋದು ಬೇಡ’ ಅಂದ್ಯಲ್ಲ ನೀನು, ಹಾಗೆ ಮಾತ್ರ ಮಾಡ್ಬೇಡ. ಪ್ರಮಾಣ ಮಾಡಿದ್ಮೇಲೆ ನನ್ನ ಮಾನ ಉಳಿಸೋಕೆ ಒಂದು ಸುಳ್ಳು ಹೇಳಿದ್ರೆ ನೀನು ಹೇಳೋ ನಿಜಾನೂ ನಂಬಲ್ಲ. ನಿನ್ನಾದ್ಮೇಲೆ ನಾನೂ ಕಟಕಟೆ ಹತ್ತಬೇಕು, ಒಗೆದಿದ್ದು ನಾನು ಅಂತಾನೇ ಹೇಳ್ತೀನಿ, ಯಾಕೆ ಅಂದ್ರೆ ಅದನ್ನೂ ಹೇಳ್ತೀನಿ.

10ಕ್ಕೇ ಎಪಿಪಿ ಮೇಡಂ, ಅಂದ್ರೆ ನಮ್ಮ ಕಡೆ ಸರ್ಕಾರಿ ವಕೀಲರ ಹತ್ರ ಹೋಗಿ ನಿನ್ನ ಹೇಳಿಕೆ ಒಂದ್ಸಲ ಓದ್ಕೋ, ಬಾಯಿಪಾಠ ಮಾಡ್ಬೇಡ. ಪ್ರಶ್ನೆ ಮುಗಿಯೋವರ್ಗೂ ಕಾಯಿ, ಅರ್ಥ ಆಗ್ದಿದ್ರೆ ಇನ್ನೊಂದ್ಸಲ ಕೇಳಿ ಅನ್ನು, ನೆನಪಿಲ್ದಿದ್ರೆ ನೆನಪಿಲ್ಲ ಅನ್ನು, ಊಹೆ ಮಾಡಿ ಹೇಳ್ಬೇಡ. ಗುರುತಿಸಿ ಅಂದಾಗ ಅವನನ್ನ ಒಂದ್ಸಲ ನೋಡಿದ್ರೆ ಸಾಕು, ಆಮೇಲೆ ಜಡ್ಜ್ ಕಡೆ ತಿರುಗಿ ಮಾತಾಡು. ಅಸಹ್ಯವಾಗಿ ಕೇಳಿದ್ರೆ ತಡೆಯೋ ಅಧಿಕಾರ ಅವರಿಗಿದೆ, ಸಾಕ್ಷ್ಯ ಕಾಯ್ದೇಲೇ ಇದೆ. ಟೈಪ್ ಮಾಡಿದ್ದನ್ನ ಓದದೆ ಸೈನ್ ಹಾಕ್ಬೇಡ. ಊಟ ಬಿಟ್ಟು ಬರ್ಬೇಡ.

ಆವತ್ತು ಸ್ಟೇಷನ್ನಲ್ಲಿ ನಾನು ಸೆರಗು ಬಾಯಿಗಿಟ್ಕೊಂಡು ಅಳ್ತಿದ್ರೆ ನೀನು ಕಂಪ್ಲೇಂಟ್ ಓದಿ ‘ಎಡಗೈ ಅಲ್ಲ ಸರ್, ಬಲಗೈ’ ಅಂತ ತಿದ್ದಿಸಿದೆ. ಆಗ ನಿಂಗೆ ಹತ್ತೊಂಬತ್ತು. ಅದನ್ನ ಯಾವತ್ತೂ ನಿನ್ನೆದುರು ಹೊಗಳಿಲ್ಲ ನಾನು.

ನಾನೂ ಸಾಕ್ಷಿ ಆಗಿರೋದ್ರಿಂದ ನೀನು ಹೇಳೋವಾಗ ಒಳಗೆ ಬಿಡಲ್ಲ, ಹೊರಗೆ ಬೆಂಚಲ್ಲಿರ್ತೀನಿ. ಅಪ್ಪ ಒಳಗೆ ಕೂರ್ತೀನಿ ಅಂತಿದಾರೆ, ಬೇಡ ಅನ್ಸಿದ್ರೆ ಹೇಳು, ನಾನು ಮಾತಾಡ್ತೀನಿ. ಭಾನುವಾರ ಬಸ್ ಹತ್ತಿದ ತಕ್ಷಣ ಫೋನ್ ಮಾಡು, ಕೋಪ ಇದ್ರೂ ಮಾಡು.

ಅಮ್ಮ