ಎರಡೇ ಎರಡು ಔಟ್ ಬೇಕಿತ್ತು ಮಗಾ

ಲೋ ಮಗಾ,

ನಿನ್ನ ಮಿಸ್ಡ್ ಕಾಲ್ ಎಲ್ಲಾ ನೋಡ್ದೆ ಕಣೋ, ಬೇಜಾರ್ ಮಾಡ್ಕೋಬೇಡ, ಗಂಟಲು ಪೂರ್ತಿ ಕಟ್ಟೋಗಿದೆ, ಹಲೋ ಅಂದ್ರೆ ಕಪ್ಪೆ ವಟಗುಟ್ಟಿದ ಹಾಗೆ ಕೇಳುತ್ತೆ, ಅದಕ್ಕೇ ಟೈಪ್ ಮಾಡ್ತಿದೀನಿ. ಭಾನುವಾರ ನೀನು ನಮ್ಮ ಹುಡ್ಗೀರು ವರ್ಲ್ಡ್ ಕಪ್ ಗೆದ್ದಿದ್ದಕ್ಕೆ ಪಟಾಕಿ ವಿಡಿಯೋ ಕಳ್ಸಿದ್ಯಲ್ಲ, ಆಗ ನಾನಿಲ್ಲಿ ಟೊರಾಂಟೋದಲ್ಲಿ ಕಂಬಳಿ ಹೊದ್ಕೊಂಡು ಗೋಡೆ ನೋಡ್ತಾ ಮಲಗಿದ್ದೆ. ಬರೀ ಒಂದು ಥಂಬ್ಸ್ ಅಪ್ ಹಾಕಿದ್ದಕ್ಕೆ ಬೈದೆ. ಬೈ, ತೊಂದ್ರೆ ಇಲ್ಲ, ಆದ್ರೆ ಹಿಂದಿನ ರಾತ್ರಿ ಏನಾಯ್ತು ಅಂತ ಪೂರ್ತಿ ಓದಿ ಆಮೇಲೆ ಬೈ.

ಶನಿವಾರ ನವೆಂಬರ್ 1 ಅಲ್ವಾ, ರಾಜ್ಯೋತ್ಸವ ಅಂತ ಪಕ್ಕದೂರು ಬ್ರಾಂಪ್ಟನ್ನಲ್ಲಿ ಒಬ್ರ ಮನೇಲಿ ಹೋಳಿಗೆ ಊಟ ಇತ್ತು. ತಿಂದು ಸೋಫಾ ಮೇಲೆ ತೂಕಡಿಸ್ತಾ ಇದ್ದಾಗ ಆಫೀಸಿನ ಹುಡುಗ ಒಬ್ಬ ಫೋನ್ ಮಾಡ್ದ, ಅವನ ಅಣ್ಣಂಗೆ ಜ್ವರ, ಒಂದು ಟಿಕೆಟ್ ಇದೆ, ಕೊಂಡ ರೇಟಿಗೇ ಕೊಡ್ತೀನಿ ಬರ್ತೀಯಾ ಅಂತ. ವರ್ಲ್ಡ್ ಸೀರೀಸ್ ಗೇಮ್ ಸೆವೆನ್ ಮಗಾ, ಬೇಸ್‌ಬಾಲ್ ಫೈನಲ್ಲಿನ ಏಳನೇ ಮ್ಯಾಚು! ಇಲ್ಲಿನ ಟೀಮು ಬ್ಲೂ ಜೇಸ್ ಫೈನಲ್ಲಿಗೆ ಬಂದಿದ್ದೇ 1993 ಆದ್ಮೇಲೆ ಇದೇ ಮೊದಲು. ಆಗ ನಾವು ಒಂದನೇ ಕ್ಲಾಸೂ ಸೇರಿರ್ಲಿಲ್ಲ. ಮನೆಗೆ ಹೋಗಿ ಬಟ್ಟೆ ಬದಲಾಯಿಸೋಕೆ ಟೈಮ್ ಇಲ್ದೆ ಯಾರದೋ ನೀಲಿ ಜೆರ್ಸಿ ಕೇಳಿ ಹಾಕ್ಕೊಂಡು, ಕತ್ತಿನ ಸುತ್ತ ಅರಿಶಿನ ಕುಂಕುಮ ಶಲ್ಯ ಹಾಗೇ ಇಟ್ಕೊಂಡು ಓಡ್ದೆ. ಯೂನಿಯನ್ ಸ್ಟೇಷನ್ನಿಂದ ಸ್ಟೇಡಿಯಂವರೆಗೂ ಬರೀ ನೀಲಿ ಮಗಾ, ಸಿಎನ್ ಟವರ್ ಬುಡದಲ್ಲಿ ಕಾಲಿಡೋಕೆ ಜಾಗ ಇಲ್ಲ.

ನಿಂಗೆ ಬೇಸ್‌ಬಾಲ್ ಅಂದ್ರೆ ಚಿನ್ನಿದಾಂಡಿನ ದೊಡ್ಡಣ್ಣ ಅಂತ ತಾತ್ಸಾರ, ಗೊತ್ತು. ಇಷ್ಟು ತಿಳ್ಕೋ ಸಾಕು, ಒಂದೊಂದು ಟೀಮಿಗೂ ಒಂಬತ್ತು ಇನ್ನಿಂಗ್ಸ್, ಒಂದೊಂದು ಇನ್ನಿಂಗ್ಸಿಗೆ ಮೂರೇ ಔಟ್, ಮೂರು ಬೇಸ್ ದಾಟಿ ಹೋಮ್ ಪ್ಲೇಟಿಗೆ ವಾಪಸ್ ಬಂದ್ರೆ ಒಂದು ರನ್, ಓವರ್ ಲೆಕ್ಕ ಇಲ್ಲ. ಅಂದ್ರೆ ಕೊನೇ ಔಟ್ ತೆಗೆಯೋವರೆಗೂ ಎದುರಾಳಿ ಸತ್ತ ಅಂತ ಹೇಳೋ ಹಾಗೇ ಇಲ್ಲ. ಕ್ರಿಕೆಟ್ಟಲ್ಲಿ ಆರು ಬಾಲಿಗೆ ನಲವತ್ತು ಬೇಕು ಅಂದ್ರೆ ಜನ ಪಾರ್ಕಿಂಗ್ ಕಡೆ ಹೊರಟೋಗ್ತಾರೆ, ಇಲ್ಲಿ ಆ ಸೌಲಭ್ಯ ಇಲ್ಲ. ಏಳು ಮ್ಯಾಚಿನ ಫೈನಲ್ಲು, ನಾಲ್ಕು ಗೆದ್ದೋರಿಗೆ ಕಪ್ಪು. ನಾವು ಮೂರು ಗೆದ್ದಿದ್ವಿ, ಲಾಸ್ ಏಂಜಲೀಸ್ ಡಾಡ್ಜರ್ಸ್ ಎರಡು, ಉಳಿದ ಎರಡೂ ನಮ್ಮ ಮನೆಯಂಗಳದಲ್ಲೇ. ಶುಕ್ರವಾರ ಗೇಮ್ ಸಿಕ್ಸ್ 3-1ರಲ್ಲಿ ಸೋತ್ವಿ, ಶನಿವಾರ ಇದು. ಒಂದೇ ಒಂದು ಸಾಕಿತ್ತು ಕಣೋ.

ನನ್ನ ಸೀಟು ಮೇಲಿನ ಅಟ್ಟ, ಐನೂರರ ಲೆವೆಲ್ಲು, ಅಲ್ಲಿಂದ ಆಟಗಾರ್ರು ಅವಲಕ್ಕಿ ಕಾಳಿನಷ್ಟು ಕಾಣ್ತಾರೆ. ಮುಂದಿನ ಸಾಲಲ್ಲಿ ಒಬ್ರು ಅಜ್ಜಿ, ಎಪ್ಪತ್ತು ದಾಟಿರ್ಬೇಕು, ತೊಡೆ ಮೇಲೆ ಸ್ಪೈರಲ್ ಬುಕ್ಕು, ಕೈಯಲ್ಲಿ ಒಂದು ಗಿಡ್ಡ ಪೆನ್ಸಿಲ್. ಪ್ರತಿ ಬ್ಯಾಟರ್ ಏನಾದ ಅಂತ ಒಂದೊಂದು ಚೌಕದಲ್ಲಿ ಬರೀತಿದ್ರು. ಫೀಲ್ಡರ್‌ಗಳಿಗೆ ನಂಬರ್ ಇರುತ್ತಂತೆ, ಪಿಚ್ಚರ್ ಅಂದ್ರೆ ನಮ್ಮ ಬೌಲರ್ 1, ಕ್ಯಾಚರ್ ಅಂದ್ರೆ ಕೀಪರ್ 2, ಫಸ್ಟ್ ಬೇಸ್ 3, ಹೀಗೆ. ನನ್ನ ಶಲ್ಯ ನೋಡಿ ಇದ್ಯಾವ ಟೀಮಿನ ಬಣ್ಣ ಅಂತ ಕೇಳಿದ್ರು. ನಮ್ಮ ನಾಡಿಂದು, ಇವತ್ತು ಅದರ ಹುಟ್ಟಿದಬ್ಬ ಅಂದೆ. ಹಾಗಾದ್ರೆ ತೆಗೀಬೇಡ, ಒಳ್ಳೇದಾಗುತ್ತೆ ಅಂದ್ರು. ನಾನು ತೆಗೀಲಿಲ್ಲ.

ಮೂರನೇ ಇನ್ನಿಂಗ್ಸಲ್ಲಿ ಡಾಡ್ಜರ್ಸ್ ಕಡೆ ಪಿಚ್ಚರ್ ಶೋಹೇ ಒಟಾನಿ. ಈ ಒಟಾನಿ ಮೇಲೆ ಇಲ್ಲಿಯೋರಿಗೆ ಹಳೇ ಸಿಟ್ಟು ಇದೆ. 2023ರ ಡಿಸೆಂಬರಲ್ಲಿ ಅವನು ಟೊರಾಂಟೋಗೆ ಬರ್ತಾನೆ ಅಂತ ಇಡೀ ಊರು ಯಾವುದೋ ಪ್ರೈವೇಟ್ ವಿಮಾನಾನ ಫೋನಲ್ಲಿ ಟ್ರ್ಯಾಕ್ ಮಾಡ್ಕೊಂಡು ಕೂತಿತ್ತು, ಅದ್ರಲ್ಲಿ ಅವನಿರ್ಲೇ ಇಲ್ಲ, ಹೋಗಿ 70 ಕೋಟಿ ಡಾಲರ್‌ಗೆ ಡಾಡ್ಜರ್ಸ್ ಸೇರ್ದ. ಗೇಮ್ ಒನ್ನಲ್ಲಿ ನಾವು 11-4ರಲ್ಲಿ ಚಚ್ಚಿದಾಗ ಜನ ಅವನಿಗೆ 'ನೀನು ಬೇಡ ನಮಗೆ' ಅಂತ ರಾಗವಾಗಿ ಕೂಗಿದ್ರು. ಹೆಣ್ಣು ಕೊಡಲ್ಲ ಅಂದೋರ ಮನೆ ಮುಂದೆ ಮೆರವಣಿಗೆ ಹೋದ ಹಾಗೆ! ಶನಿವಾರ ಅವನು ನಮ್ಮ ವ್ಲಾಡಿ ಗೆರೆರೋಗೆ ಬೇಕಂತಲೇ ವಾಕ್ ಕೊಟ್ಟ, ಅಂದ್ರೆ ಹೊಡೆಯೋಕೇ ಬಿಡದೆ ಫಸ್ಟ್ ಬೇಸಿಗೆ ಕಳ್ಸಿದ, ಮುಂದಿನೋನು ಬೊ ಬಿಶೆಟ್, ಮಂಡಿ ನೋವಲ್ಲಿ ಕುಂಟ್ಕೊಂಡು ವಾಪಸ್ ಬಂದಿದ್ದ ಹುಡುಗ, ಹೊಡ್ದ ನೋಡು, 442 ಅಡಿ, ಹೋಮ್ ರನ್, ನಮ್ಮ ಸಿಕ್ಸರ್ ತರ. ಬೇಸಲ್ಲಿದ್ದ ಇಬ್ರೂ ಸೇರಿ ಮೂರು ರನ್. ಕಾಂಕ್ರೀಟು ನಡುಗ್ತು ಮಗಾ, ಉತ್ಪ್ರೇಕ್ಷೆ ಅಲ್ಲ, ನನ್ನ ಕಾಲಡಿ ಇಟ್ಟಿದ್ದ ಲೋಟ ಸರೀತಾ ಹೋಯ್ತು.

ಅಲ್ಲಿಂದ ಮುಂದೆ ಒಂಥರಾ ಬಟ್ಟೆ ಒಣಗೋ ಹಾಗೆ ಲೀಡು ನಿಧಾನಕ್ಕೆ ಒಣಗ್ತಾ ಬಂತು. 3-1, 3-2, ನಾವೊಂದು ಸೇರ್ಸಿ 4-2, ಎಂಟರಲ್ಲಿ ಡಾಡ್ಜರ್ಸಿನ ಮಂಸಿ ಹೋಮ್ ರನ್ ಹೊಡ್ದು 4-3. ಜನ ಕೂಗ್ತಾನೇ ಇದ್ರು, ಆದ್ರೆ ಕೂಗಿನ ದನಿ ಬದಲಾಗಿತ್ತು, ಅದು ಖುಷಿಗೆ ಕೂಗೋದಲ್ಲ, ಕತ್ತಲ ದಾರೀಲಿ ಹೋಗೋನು ಜೋರಾಗಿ ಹಾಡು ಹೇಳ್ಕೊತಾನಲ್ಲ, ಹಾಗೆ.

ಒಂಬತ್ತನೇ ಇನ್ನಿಂಗ್ಸ್, ಡಾಡ್ಜರ್ಸ್ ಬ್ಯಾಟಿಂಗ್. ಒಂದು ಔಟ್ ಆಯ್ತು. ಇನ್ನೆರಡು. ಎಲ್ಲಾರೂ ಎದ್ದು ನಿಂತಿದಾರೆ, ಎಲ್ಲಾರ ಫೋನೂ ವಿಡಿಯೋ ಮೋಡಲ್ಲಿ, ಬ್ಯಾಟಿಂಗಿಗೆ ಬಂದೋನು ಮಿಗೆಲ್ ರೋಹಾಸ್, 36 ವರ್ಷದೋನು, ಕೊನೇ ಕ್ರಮಾಂಕ, ಫೀಲ್ಡಿಂಗಿಗೇ ಹೆಸರಾದೋನು. ನಮ್ಮ ಭಾಷೇಲಿ ಹೇಳೋದಾದ್ರೆ ಹನ್ನೊಂದನೇ ನಂಬರ್ ಬೌಲರ್ ಬ್ಯಾಟ್ ಹಿಡ್ಕೊಂಡು ಬಂದಂಗೆ. ಪಕ್ಕದ ಸರ್ದಾರ್ಜಿ ಹುಡುಗ ಇವನು ಫ್ರೀ ಔಟ್ ಬ್ರೋ ಅಂದ. ಥೂ, ಆ ಮಾತು ಆಡಬಾರ್ದಿತ್ತು. ಮೂರು ಬಾಲ್ ಎರಡು ಸ್ಟ್ರೈಕ್ ಆಗಿ, ಇನ್ನೊಂದು ಸ್ಟ್ರೈಕ್ ಬಿದ್ರೆ ಔಟ್ ಅನ್ನೋವಾಗ, ನಮ್ಮ ಪಿಚ್ಚರ್ ಜೆಫ್ ಹಾಫ್ಮನ್ ಹಾಕಿದ ಸ್ಲೈಡರ್‌ನ ಅವನು ಎಡಗಡೆ ಗ್ಯಾಲರಿಗೆ ಎತ್ತಿ ಹಾಕ್ದ. 4-4.

ಆ ಕ್ಷಣ ಹೆಂಗಿತ್ತು ಅಂತ ಕೇಳು. ನಲವತ್ತನಾಲ್ಕು ಸಾವಿರ ಜನ ಇರೋ ಜಾಗದಲ್ಲಿ ಕೆಳಗೆ ಡಾಡ್ಜರ್ಸ್ ಡಗೌಟಲ್ಲಿ ಹತ್ತಿಪ್ಪತ್ತು ಗಂಡಸರು ಕಿರುಚ್ತಾ ಇರೋದು ಅಟ್ಟದ ಮೇಲೆ ಕೂತ ನಂಗೆ ಕೇಳಿಸ್ತು. ಯಾರೂ ಬೈಲಿಲ್ಲ. ಎತ್ತಿದ್ದ ಫೋನುಗಳು ಎತ್ತಿದ ಹಾಗೇ ಇದ್ವು, ಇಳಿಸೋದೂ ಮರ್ತೋಗಿತ್ತು ಜನಕ್ಕೆ. ಅಜ್ಜಿ ಮಾತ್ರ ಬಗ್ಗಿ ಚೌಕದಲ್ಲಿ ಗೆರೆ ಎಳೆದು ಒಳಗೆಲ್ಲಾ ಪೆನ್ಸಿಲಲ್ಲಿ ತುಂಬಿದ್ರು, ಹೋಮ್ ರನ್ ಆದ್ರೆ ಹಾಗೆ ತುಂಬ್ಬೇಕಂತೆ. ನೀಟಾಗಿ, ಅಂಚು ದಾಟದ ಹಾಗೆ ತುಂಬಿದ್ರು.

ನಂಗೆ ಆಗ ನೆನಪಾಗಿದ್ದು ಚಿನ್ನಸ್ವಾಮಿ ಮಗಾ. 2016, ಮೇ 29, ನೀನು ನಾನು ಒಟ್ಟಿಗೇ ಇದ್ವಲ್ಲ. ಗೇಲು ಕೊಹ್ಲಿ ಸೇರಿ 114 ಹಾಕಿದ್ರು ಓಪನಿಂಗಲ್ಲಿ, ನೀನು ಅಂಗಿ ಬಿಚ್ಚಿ ತಿರುಗಿಸ್ತಿದ್ದೆ, ಕೊನೆಗೆ 8 ರನ್ನಲ್ಲಿ ಹೈದರಾಬಾದಿನೋರು ನಮ್ಮ ಮನೇಲೇ ಕಪ್ ಎತ್ಕೊಂಡು ಹೋದ್ರು. ನೀನು ಎಂಜಿ ರೋಡ್ ಮೆಟ್ರೋವರೆಗೂ ಒಂದು ಮಾತಾಡ್ಲಿಲ್ಲ, ಅಂಗಿ ಉಲ್ಟಾ ಹಾಕ್ಕೊಂಡಿದ್ದೆ. ಆ ತರ ಹೊಟ್ಟೆ ಕಲಸೋದು ಆರ್‌ಸಿಬಿಗೆ ಮಾತ್ರ ಅಂತ ನಾನು ಒಂಬತ್ತು ವರ್ಷದಿಂದ ನಂಬ್ಕೊಂಡಿದ್ದೆ.

ಸರಿ, ನಮ್ಮ ಸರದಿ ಬಂತು. ಬೇಸ್‌ಗಳೆಲ್ಲಾ ಫುಲ್, ಒಂದೇ ಔಟ್, ಒಂದು ರನ್ ಬಂದ್ರೆ ಕಪ್ ನಮ್ದು. ಜನ ಟೋಪಿ ಒಳಗಿಂದು ಹೊರಗೆ ಮಾಡಿ ತಲೆ ಮೇಲಿಟ್ಕೊಂಡಿದಾರೆ, ಅದೊಂದು ನಂಬಿಕೆ, ನೀನು ಸೀಟಿಂದ ಏಳಲ್ಲ ಅಂತ ಮೂತ್ರ ಕಟ್ಕೊಂಡು ಕೂರ್ತಿದ್ಯಲ್ಲ ಆ ತರದ್ದೇ. ವಾರ್ಶೋ ನೆಲದ ಮೇಲೆ ಹೊಡ್ದ, ಅದೇ ರೋಹಾಸ್ ಎಡವ್ತಾ ಹಿಡಿದು ಹೋಮಿಗೆ ಎಸ್ದ, ಕೈನರ್ ಫಲೇಫಾ ಜಾರ್ಕೊಂಡು ಬಂದ, ಔಟ್ ಅಂದ್ರು. ರೀಪ್ಲೇ ಹಾಕಿದ್ರು. ದೊಡ್ಡ ಸ್ಕ್ರೀನಲ್ಲಿ ಕ್ಯಾಚರ್ ವಿಲ್ ಸ್ಮಿತ್ತಿನ ಕಾಲು ಪ್ಲೇಟ್ ಬಿಟ್ಟು ಮೇಲೇಳುತ್ತೆ, ಮತ್ತೆ ಇಳಿಯುತ್ತೆ, ಎಲ್ಲಾರೂ ಎದ್ದಿದೆ ಎದ್ದಿದೆ, ಔಟಲ್ಲ ಅಂತ ಕೂಗ್ತಿದಾರೆ, ಅಜ್ಜಿ ಪೆನ್ಸಿಲ್ ಗಾಳೀಲಿ ಹಿಡ್ಕೊಂಡು ಕಾಯ್ತಿದಾರೆ. ಔಟ್ ಔಟೇ. 4-2 ಅಂತ ಬರೆದ್ರು, ಸೆಕೆಂಡ್ ಬೇಸಿನೋನಿಂದ ಕ್ಯಾಚರ್‌ಗೆ. ಆ ರನ್ನರ್ರು ಮೂರನೇ ಬೇಸಿಂದ ಇನ್ನೊಂದೆರಡು ಹೆಜ್ಜೆ ಮುಂದೆ ನಿಂತಿದ್ರೆ ಸಾಕಿತ್ತು ಅಂತ ಇಲ್ಲಿ ಇನ್ನೂ ಜಗಳ ನಡೀತಿದೆ, ನಾನೂ ಅದೇ ಪಾರ್ಟಿ.

ಮುಂದಿನೋನು ಎರ್ನಿ ಕ್ಲೆಮೆಂಟ್, ಹೊಡ್ದ, ಆಳಕ್ಕೆ ಹೋಯ್ತು. ಮಗಾ, ಗೆದ್ವಿ ಅಂತಲೇ ಅಂದ್ಕೊಂಡ್ವಿ. ಹಿಂದಿನ ಸಾಲಿನೋನು ಬಂದು ನನ್ನ ಕತ್ತು ತಬ್ಕೊಂಡ, ಅವನ ಬಿಯರ್ ಪೂರ್ತಿ ನನ್ನ ಶಲ್ಯದ ಮೇಲೆ. ಅಷ್ಟ್ರಲ್ಲಿ ಆ್ಯಂಡಿ ಪಹೆಸ್ ಅನ್ನೋನು, ಫೀಲ್ಡಿಂಗಿಗೆ ಅಂತ ಆಗಷ್ಟೇ ಒಳಗೆ ಬಂದಿದ್ದೋನು, ತನ್ನ ಟೀಮಿನೋನನ್ನೇ ಗುದ್ದಿ ಕೆಡವಿ ಗೋಡೆ ಹತ್ರ ಹಿಡ್ಕೊಂಡ್ಬಿಟ್ಟ. ಹಿಂದಿನೋನ ಕೈ ಇನ್ನೂ ನನ್ನ ಕತ್ತಲ್ಲೇ ಇತ್ತು. ನಿಧಾನಕ್ಕೆ ತೆಗೆದು ಸಾರಿ ಅಂದ. ಬಿಯರ್ ಚೆಲ್ಲಿದ್ದಕ್ಕೋ ತಬ್ಕೊಂಡಿದ್ದಕ್ಕೋ ಗೊತ್ತಾಗ್ಲಿಲ್ಲ.

ಸ್ಕೋರ್ ಸಮ ಆಗಿದ್ರಿಂದ ಆಟ ಒಂಬತ್ತು ದಾಟಿ ಮುಂದುವರೀತು. ಹನ್ನೊಂದನೇ ಇನ್ನಿಂಗ್ಸಲ್ಲಿ ಎರಡು ಔಟ್ ಆದ್ಮೇಲೆ ಅದೇ ವಿಲ್ ಸ್ಮಿತ್ ಹೋಮ್ ರನ್ ಹೊಡ್ದ. ಈ ಸಲ ಮೌನ ಅಲ್ಲ, ಒಂದು ನಿಟ್ಟುಸಿರು. ಇಡೀ ಸ್ಟೇಡಿಯಂ ಒಟ್ಟಿಗೆ ಉಸಿರು ಬಿಟ್ಟಂಗೆ. ನಮ್ಮ ಕೊನೇ ಸರದೀಲಿ ವ್ಲಾಡಿ ಡಬಲ್ ಹೊಡ್ದು ಮೂರನೇ ಬೇಸ್ ತಲುಪಿದ, ಮತ್ತೆ ಎಲ್ಲಾರೂ ಎದ್ರು, ಆದ್ರೆ ಅವರ ಪಿಚ್ಚರ್ ಯಮಮೊಟೊ, ಹಿಂದಿನ ರಾತ್ರಿ ತಾನೇ 96 ಪಿಚ್ ಹಾಕಿದ್ದೋನು, ಕಬ್ಬಿಣದ ಮನುಷ್ಯ ಅವನು, ನಮ್ಮ ಕರ್ಕ್ ಬ್ಯಾಟ್ ಮುರಿದು ಚೆಂಡು ಬೆಟ್ಸ್ ಹತ್ರ ಹೋಯ್ತು, ಅವನು ಬೇಸ್ ತುಳಿದು ಫಸ್ಟಿಗೆ ಎಸ್ದ, ಒಂದೇ ಏಟಿಗೆ ಎರಡು ಔಟ್. 5-4. ಮುಗೀತು.

ಅಜ್ಜಿ 6-3 ಅಂತ ಬರೆದ್ರು, ಬೆಟ್ಸಿಂದ ಫಸ್ಟ್ ಬೇಸಿಗೆ. ಬುಕ್ಕು ಮುಚ್ಚಲಿಲ್ಲ, ಒಂದ್ಸಲ ಮೊದಲಿಂದ ಪುಟದ ಮೇಲೆ ಬೆರಳಾಡಿಸಿದ್ರು. 93ರಲ್ಲಿ ಜೋ ಕಾರ್ಟರ್ ಕೊನೇ ಹೋಮ್ ರನ್ ಹೊಡ್ದಾಗ ನಾನು ಇದೇ ಕಟ್ಟಡದಲ್ಲಿದ್ದೆ, ಆವತ್ತು ಕುಣಿಯೋ ಗಲಾಟೇಲಿ ಆ ಚೌಕ ತುಂಬಿಸೋದೇ ಮರ್ತೋಗಿತ್ತು, ಇವತ್ತು ಎಲ್ಲಾ ತುಂಬ್ಸಿದೀನಿ ಅಂದ್ರು. ಏನು ಹೇಳ್ಬೇಕೋ ತಿಳೀಲಿಲ್ಲ ನಂಗೆ. ಆಮೇಲೆ ನನ್ನ ಭುಜ ತಟ್ಟಿ ನಿಮ್ಮ ನಾಡಿಗೆ ಹ್ಯಾಪಿ ಬರ್ತ್‌ಡೇ ಹೇಳು ಅಂದ್ರು. ಅದಕ್ಕೇ ಹೇಳ್ತಿದೀನಿ, ತಗೋ.

ಹೊರಗೆ ಬರುವಾಗ ಗೇಟ್ ಹತ್ರ ಜನ ಒತ್ತಾದಾಗ ಒಂದು ನಿಮಿಷ ಎದೆ ಝಲ್ ಅಂತು, 2025ರ ಜೂನ್ 4ರಂದು ಚಿನ್ನಸ್ವಾಮಿ ಹೊರಗೆ ಕಾಲ್ತುಳಿತದಲ್ಲಿ ಹನ್ನೊಂದು ಜನ ಹೋದ್ರಲ್ಲ, ಅವತ್ತಿಂದ ಗುಂಪು ಅಂದ್ರೆ ನಂಗೆ ಹೀಗೇ. ಆದ್ರೆ ಇಲ್ಲಿ ಜನ ನಿದ್ದೆಗಣ್ಣಲ್ಲಿ ನಡೆಯೋರ ಹಾಗೆ ನಿಧಾನಕ್ಕೆ ಕರಗಿದ್ರು. ಒಬ್ಬ ಅಪ್ಪ ಮಗನ್ನ ಹೆಗಲ ಮೇಲೆ ಕೂರಿಸ್ಕೊಂಡಿದ್ದ, ಆ ಮಗು ನಾಳೆ ಮ್ಯಾಚ್ ಇದ್ಯಾ ಅಂತ ಕೇಳ್ತಿತ್ತು, ಅಪ್ಪ ಉತ್ತರ ಕೊಡ್ಲೇ ಇಲ್ಲ. ಅವತ್ತೇ ರಾತ್ರಿ ಎರಡು ಗಂಟೆಗೆ ಇಲ್ಲಿ ಗಡಿಯಾರ ಒಂದು ಗಂಟೆ ಹಿಂದಕ್ಕೆ ತಿರುಗಿಸ್ತಾರೆ, ಚಳಿಗಾಲದ ಟೈಮು. ಟ್ರೇನಲ್ಲಿ ಯಾರೋ ಇನ್ನೊಂಚೂರು ಜಾಸ್ತಿ ತಿರುಗಿಸಿ ಒಂಬತ್ತನೇ ಇನ್ನಿಂಗ್ಸಿಗೆ ಬಿಡ್ರಪ್ಪಾ ಅಂದ, ಇಡೀ ಬೋಗಿ ನಕ್ತು, ಆ ರಾತ್ರಿ ನಾನು ಕೇಳಿದ ಒಂದೇ ನಗು ಅದು.

ಶಲ್ಯ ಎರಡು ಸಲ ತೊಳೆದೆ ಮಗಾ. ಇನ್ನೂ ಬಿಯರ್ ವಾಸನೆ ಹೋಗಿಲ್ಲ. ಅಮ್ಮಂಗೆ ಹೇಳ್ಬೇಡ, ಅವರು ಕಳ್ಸಿದ್ದು ಅದು.

ಗಂಟಲು ಸರಿಯಾದ್ಮೇಲೆ ಫೋನ್ ಮಾಡ್ತೀನಿ.

ನಿನ್ನವ