ತುದಿಗಾಲಿಗೆ ಆತುರ ಬೇಡ

ಮಾನ್ಯರೇ,

ಬ್ಯಾಲೆ ತರಗತಿಗೆ ಸೇರಿಸಿದ ಮರುವರ್ಷವೇ ಮಗುವಿಗೆ ಪಾಯಿಂಟ್ ಶೂ (ಬೆರಳ ತುದಿಯ ಮೇಲೆ ನಿಂತು ಕುಣಿಯಲು ತೊಡುವ ಗಟ್ಟಿ ಮೂತಿಯ ಶೂ) ಕೊಡಿಸಲು ಪೋಷಕರು ಹೊರಡುತ್ತಾರೆ. ದಯವಿಟ್ಟು ತಾಳಿ.

1832ರಲ್ಲಿ ಪ್ಯಾರಿಸ್‌ನಲ್ಲಿ ನರ್ತಕಿ ಮರೀ ಟಾಲಿಯೋನಿ ತುದಿಗಾಲಲ್ಲಿ ‘ಲಾ ಸಿಲ್ಫೀಡ್’ ಬ್ಯಾಲೆ ಕುಣಿದಾಗ ಶೂ ಮೆತ್ತಗಿತ್ತು, ಬಲವೆಲ್ಲ ಪಾದದ್ದು. ಇಂದಿನ ಶೂಗಳ ಮೂತಿ ಸಾಮಾನ್ಯವಾಗಿ ಬಟ್ಟೆ, ಕಾಗದದ ಪದರಗಳನ್ನು ಅಂಟಿನಿಂದ ಗಟ್ಟಿ ಮಾಡಿದ್ದು. ಬೆವರಿಗೆ ಅದು ಮೆತ್ತಗಾಗುತ್ತದೆ. ದೊಡ್ಡ ಪಾತ್ರವಾದರೆ ಒಂದೇ ಪ್ರದರ್ಶನಕ್ಕೆ ಒಂದು ಜೋಡಿ ಮುಗಿಯುವುದೂ ಉಂಟು. ಸೋತ ಶೂನಲ್ಲೇ ಎದ್ದು ನಿಂತರೆ ಪಾದ ಒಳಗೆ ಕುಸಿದು ಭಾರವೆಲ್ಲ ಹೆಬ್ಬೆರಳಿಗೆ.

ಸಾಮಾನ್ಯವಾಗಿ 11–12ರ ವಯಸ್ಸಿಗೆ ಮೊದಲು ಬೇಡವೆನ್ನುತ್ತಾರೆ, ಪಾದದ ಎಳೆ ಮೂಳೆಗಳು ಇನ್ನೂ ಬೆಳೆಯುತ್ತಿರುತ್ತವೆ. ಆದರೆ ವಯಸ್ಸಿಗಿಂತ ಬಲ ಮುಖ್ಯ. ಒಂಟಿ ಕಾಲಲ್ಲಿ, ಮಂಡಿ ಮಡಿಸದೆ, ಹಿಮ್ಮಡಿಯನ್ನು 20 ಸಲ ಎತ್ತಿ ಇಳಿಸಲಿ. ಕಣಕಾಲು ಅತ್ತಿತ್ತ ವಾಲಿದರೆ ಶೂ ಕಾಯಲಿ.

ಇನ್ನೊಂದು ಮಾತು. ಬ್ಯಾಲೆಯಲ್ಲಿ ಪಾದಗಳನ್ನು ಹೊರಕ್ಕೆ ತಿರುಗಿಸುವುದು ಸೊಂಟದ ಕೀಲಿನಿಂದ ಆಗಬೇಕು. ಭರತನಾಟ್ಯದ ಅರೆಮಂಡಿಗೂ ಇದೇ ಲೆಕ್ಕ. ಪಾದವನ್ನಷ್ಟೇ ತಿರುಚಿದರೆ ಅಂಗಾಲಿನ ಕಮಾನು ಕುಸಿದು ಮಂಡಿ ಒಳಕ್ಕೆ ಬಾಗುತ್ತದೆ, ನೋವು ಅಲ್ಲಿಂದಲೇ ಶುರು. ಮಂಡಿಚಿಪ್ಪು ಕಾಲಿನ ಎರಡನೇ ಬೆರಳಿನ ನೇರಕ್ಕಿದೆಯೇ ಎಂದು ಪೋಷಕರೂ ನೋಡಬಹುದು.

– ಒಬ್ಬ ನೃತ್ಯ ಶಿಕ್ಷಕಿ, ಬೆಂಗಳೂರು