ಹೆದ್ದಾರಿಯ ಮೇಲೊಂದು ತೋಟ ಬರೆದು ಮುಗಿಸಿದೆ

ಹೋದ ವಾರ ನನ್ನ ಆರ್ಕಿಟೆಕ್ಚರ್ ಥೀಸಿಸ್ ಪಾಸಾಯಿತು. ಅಪ್ಪ ಆಸ್ಪತ್ರೆ ಸೇರಿದಾಗ ಅರ್ಧಕ್ಕೆ ಬಿಟ್ಟಿದ್ದ ಕೆಲಸ ಅದು. ಒಂದು ವರ್ಷ ಆ ಹಾಳೆಗಳನ್ನು ಬಿಚ್ಚಿರಲಿಲ್ಲ. ಅಪ್ಪ ಈಗ ಮನೆಗೆ ಬಂದಿದ್ದಾರೆ, ಗೋಡೆ ಹಿಡಿದು ನಡೆಯುತ್ತಾರೆ. ಇನ್ನು ತಡ ಮಾಡದೆ ಥ್ಯಾಂಕ್ಸ್ ಹೇಳಬೇಕು.

ನಾನು ಬರೆದಿದ್ದು ಕಾರವಾರದ ಹೆದ್ದಾರಿಯ ಮೇಲೆ ಸೇತುವೆಯ ಹಾಗೆ ಹಾಸಿದ ಒಂದು ಪಾರ್ಕ್, ವಾಹನಗಳು ಅದರ ಅಡಿಯಲ್ಲಿ ಓಡುತ್ತವೆ. ಊರು ಈ ಕಡೆ, ಟಾಗೋರ್ ಕಡಲತೀರ ಆ ಕಡೆ, ನಡುವೆ ರಾಷ್ಟ್ರೀಯ ಹೆದ್ದಾರಿ 66. ನಮ್ಮ ಅಜ್ಜಿ ಸಂಜೆ ಕಡಲಿಗೆ ಹೋಗುವುದನ್ನು ಬಿಟ್ಟಿದ್ದು ಮಂಡಿ ನೋವಿಗಲ್ಲ, ರಸ್ತೆ ದಾಟುವ ಹೆದರಿಕೆಗೆ. ಅಜ್ಜಿ, ಮೊದಲ ಗೆರೆ ನಿನಗಾಗಿಯೇ ಎಳೆದಿದ್ದು.

ಇಂಥ ಪಾರ್ಕುಗಳು ಬೇರೆ ಕಡೆ ಇವೆ. ಅಮೆರಿಕದ ಸಿಯಾಟಲ್‌ನಲ್ಲಿ 1976ರಲ್ಲೇ ಒಂದು ತೆರೆಯಿತು, ವಾಹನಗಳ ಸದ್ದು ಕೇಳಬಾರದೆಂದು ಅಲ್ಲಿ ನೀರು ಧುಮುಕುವ ಹಾಗೆ ಮಾಡಿದ್ದಾರೆ. ನಾನು ಜಾಸ್ತಿ ಓದಿದ್ದು ಡಲ್ಲಾಸ್‌ನ ಕ್ಲೈಡ್ ವಾರನ್ ಪಾರ್ಕ್ ಬಗ್ಗೆ. 2012ರಲ್ಲಿ ತೆರೆದದ್ದು, 5 ಎಕರೆಗಿಂತ ಸ್ವಲ್ಪ ಹೆಚ್ಚು. ಕಾಂಕ್ರೀಟ್ ತೊಲೆಗಳ ನಡುವೆ ಕಾಲುವೆಯ ಹಾಗೆ ಜಾಗ ಬಿಟ್ಟು ಮಣ್ಣು ತುಂಬಿದ್ದಾರೆ, ಮರದ ಬೇರು ಅಲ್ಲಿ ಇಳಿಯುತ್ತದೆ. ಭಾರ ಕಡಿಮೆಯಾಗಲಿ ಅಂತ ಮಣ್ಣಿನ ಅಡಿಗೆ ಹಗುರವಾದ ಫೋಮ್ ಗಟ್ಟಿಗಳನ್ನೂ ಇಟ್ಟಿದ್ದಾರೆ.

ನಾನು ಅದನ್ನೇ ಇಲ್ಲಿಗೆ ತಂದು ಕೂರಿಸಿದ್ದೆ. ತಪ್ಪು ತೋರಿಸಿದವರು ಶಿರಸಿಯಲ್ಲಿ ನರ್ಸರಿ ನಡೆಸುವ ನಮ್ಮ ಮಾವ. ನಕ್ಷೆಯನ್ನು ತುಂಬಾ ಹೊತ್ತು ನೋಡಿ, "ಕೂಸೇ, ಆಷಾಢದ ಮಳೆಗೆ ಈ ನೀರೆಲ್ಲ ಎಲ್ಲಿಗೆ ಹೋಗ್ತು?" ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಡಲ್ಲಾಸ್‌ನ ಮಳೆಯ ಲೆಕ್ಕ ನಮ್ಮ ಕರಾವಳಿಗೆ ಎಲ್ಲಿ ಸಾಲುತ್ತದೆ? ಆ ಒಂದು ಪ್ರಶ್ನೆಗೆ ಮೂರು ತಿಂಗಳು ಹಿಡಿಯಿತು. ಮಣ್ಣಿನ ಕೆಳಗೆ ಜಲ್ಲಿಯ ಪದರ ಬಂತು, ನೀರು ಇಳಿಯುವ ಕೊಳವೆಗಳು ಬಂದವು. ಮಾವ, ಥೀಸಿಸ್‌ನಲ್ಲಿ ಎಲ್ಲರೂ ಮೆಚ್ಚಿದ ಹಾಳೆ ಅದೇ.

ಇನ್ನೊಂದು ತೊಡಕಿತ್ತು. ಡಲ್ಲಾಸ್‌ನಲ್ಲಿ ರಸ್ತೆ ತಗ್ಗಿನಲ್ಲಿದೆ, ಜನ ನೇರವಾಗಿ ಪಾರ್ಕಿಗೆ ನಡೆದು ಹೋಗುತ್ತಾರೆ. ನಮ್ಮಲ್ಲಿ ಕಡಲ ಪಕ್ಕದ ಮರಳಲ್ಲಿ ರಸ್ತೆಯನ್ನು ಕೆಳಗಿಳಿಸುವ ಮಾತೇ ಬೇಡ ಅನ್ನಿಸಿತು. ಹಾಗಾದರೆ ಜನವೇ ಮೇಲೆ ಹತ್ತಬೇಕು. ಲಾರಿಗೆ 5.5 ಮೀಟರ್ ಎತ್ತರ ಬಿಟ್ಟರೆ, 12 ಮೀಟರ್ ನಡೆದರೆ 1 ಮೀಟರ್ ಏರುವ ಇಳಿಜಾರಿನಲ್ಲಿ ಅಷ್ಟಕ್ಕೇ 66 ಮೀಟರ್ ದಾರಿ. ಅಜ್ಜಿಗೆ ಅಷ್ಟು ಆಗುತ್ತದಾ ಅಂತ ನೋಡಲು ಪಕ್ಕದ ಮನೆಯ ಅಕ್ಕ ದಿನಾ ಸಂಜೆ ಅಜ್ಜಿಯ ಕೈ ಹಿಡಿದು ನಮ್ಮ ಓಣಿಯ ಏರಿನಲ್ಲಿ ನಡೆಸಿದರು. ಎಲ್ಲೆಲ್ಲಿ ನಿಂತು ಉಸಿರು ತೆಗೆದುಕೊಂಡರೋ ಅಲ್ಲೆಲ್ಲ ಸೀಮೆಸುಣ್ಣದ ಗುರುತು ಹಾಕಿದರು. ಆ ಗುರುತುಗಳ ದೂರ ಅಳೆದೇ ನಾನು ಬೆಂಚು ಬರೆದದ್ದು. ನಾನು ಅಪ್ಪನ ಜೊತೆ ಆಸ್ಪತ್ರೆಯಲ್ಲಿದ್ದ ದಿನಗಳಲ್ಲಿ ಅಜ್ಜಿಗೆ ಊಟ ತಂದುಕೊಟ್ಟವರೂ ಇದೇ ಅಕ್ಕ. ನಿಮ್ಮ ಋಣ ತೀರಿಸೋಕಾಗಲ್ಲ ಅಕ್ಕಾ.

ರಾತ್ರಿ ಎಷ್ಟು ಹೊತ್ತಾದರೂ ಬಸ್‌ಸ್ಟ್ಯಾಂಡಿನಿಂದ ಮನೆ ಮುಟ್ಟಿಸಿದ ರಿಕ್ಷಾ ಅಣ್ಣನಿಗೆ, ಎರಡು ಸಲ ಗಡುವು ಮುಂದೆ ಹಾಕಿಕೊಟ್ಟ ಗೈಡ್ ಮೇಡಂಗೆ ಕೈಮುಗಿದು ನಮಸ್ಕಾರ.

ನಕ್ಷೆ ಈಗ ಅಪ್ಪನ ಮಂಚದ ಎದುರಿನ ಗೋಡೆ ಮೇಲಿದೆ. ದಿನಾ ಬೆಂಚುಗಳನ್ನು ಎಣಿಸುತ್ತಾರೆ. ನಿನ್ನೆ ನನ್ನನ್ನು ಕರೆದು, ಮೂರನೆಯದರ ಪಕ್ಕ ಒಂದು ಸುರಗಿ ಮರ ಹಾಕು ಅಂದರು. ಹಾಕಿದ್ದೇನೆ.